ಮುಚ್ಚಳದಲ್ಲಿ ತೂತು

ಮಗಳು ತಾಯಿಯ ತಲೆಯಡಿಯಿಂದ ದಿಂಬು ಎಳೆದಳು. ಅದರ ಮಡಿಕೆಯಿಂದ ಕೆಂಪಗಿನದೇನೋ ಚಂಗನೆ ನೆಗೆದು, ಹೆಣಕ್ಕೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಕೂತಿತು. ಅಕ್ಕಿಕಾಳಿನಷ್ಟು ದೊಡ್ಡ ಜೇಡ. ಬೆನ್ನು ಕೆಂಡದ ಬಣ್ಣ, ಅಂಚಿಗೆ ನವಿಲಿನ ನೀಲಿ. ಓಡಿಹೋಗುವ ಬದಲು ಅದು ತಿರುಗಿ ಅವಳನ್ನೇ ನೋಡಿತು.

"ಯಾರೂ ಅಮ್ಮನ್ನ ಎತ್ತಬೇಡಿ!"

ಹೆಗಲು ಕೊಡಲು ಬಂದವರು ನಿಂತುಬಿಟ್ಟರು. ಹೊರಗೆ ಹೆಣದ ಗಾಡಿಯ ಚಾಲಕ ಎಂಜಿನ್ ಆರಿಸಿದ. ಮಗಳು ಮಂಡಿಯೂರಿ ಮಂಚದಡಿ ಕೈಯಾಡಿಸಿದಳು. ಹಳೇ ಬಟ್ಟೆ ಮುಚ್ಚಿದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಗಾಜಿನ ಶೀಶೆಗಳು, ಮುಚ್ಚಳಗಳಲ್ಲಿ ಸೂಜಿಯಿಂದ ಚುಚ್ಚಿದ ತೂತುಗಳು. ಒಂದೊಂದರಲ್ಲೂ ಒಂದೊಂದು ಜೇಡ: ಹಸಿರು, ತಾಮ್ರ, ನೀಲಿ.

"ಯಾರು ತಂದಿಟ್ಟಿದ್ದು ಇದನ್ನ?"

ಮೂಲೆಯಲ್ಲಿ ಗಂಡನ ಪಕ್ಕ ನಿಂತಿದ್ದ ಸೊಸೆ ತಲೆಯೆತ್ತಲಿಲ್ಲ. "ನಾನೇ, ಅತ್ತಿಗೆ."

"ಕೇಳಿಸ್ತಾ?" ಮಗಳು ತಮ್ಮನತ್ತ ತಿರುಗಿದಳು. "ಎದ್ದು ಕೂರಕ್ಕಾಗದ ಅಮ್ಮನ ಹಾಸಿಗೆಗೆ ನಿನ್ನ ಹೆಂಡ್ತಿ ವಿಷದ ಹುಳ ಬಿಟ್ಟಿದ್ದಾಳೆ!"

"ಡಾಕ್ಟರು ಹೃದಯ ನಿಂತಿದೆ ಅಂದ್ರಲ್ಲ, ಅಕ್ಕ."

"ಹೃದಯ ಎಲ್ರದ್ದೂ ಕೊನೇಗೆ ನಿಲ್ಲೋದೇ. ಯಾಕೆ ನಿಂತಿತು ಅಂತ ನೋಡಿದ್ರಾ? ನಿನಗೆ ಇದು ಗೊತ್ತಿತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಡಿಸುತ್ತಲೇ ಹೆಂಡತಿಯ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದ. ಸೊಸೆ ಅದನ್ನು ಕಂಡಳು.

*

ಮಗಳ ಅನುಮಾನ ಅಂದು ಹುಟ್ಟಿದ್ದಲ್ಲ. ಪಾರ್ಶ್ವವಾಯು ಹೊಡೆದು ತಾಯಿಯ ಬಲಗೈ, ಮಾತು ಎರಡೂ ಹೋದ ಮೇಲೆ ಅವಳು ವಾರವಾರವೂ ಬಸ್ಸು ಹತ್ತಿ ಬರುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದ್ದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿ ಗೋಡೆ ನೋಡುತ್ತಿದ್ದಳು.

ಒಮ್ಮೆ ಮುಂಚೆ ತಿಳಿಸದೆ ಬಂದಾಗ ಕೋಣೆಯ ಚಿಲಕ ಒಳಗಿಂದ ಹಾಕಿತ್ತು. ತಟ್ಟಿ ತಟ್ಟಿ ಸಾಕಾದ ಮೇಲೆ ಸೊಸೆ ತೆರೆದಳು, ಒಂದು ಕೈ ಬೆನ್ನ ಹಿಂದೆ. ಒಳಗೆ ಕೊಳೆತ ಹಣ್ಣಿನ ವಾಸನೆ.

"ಅಮ್ಮ, ಇವಳು ನಿನಗೇನಾದ್ರೂ ಮಾಡ್ತಾಳಾ?" ಸೊಸೆ ನೀರು ತರಲು ಹೋದಾಗ ಮಗಳು ಪಿಸುಗುಟ್ಟಿದಳು.

ತಾಯಿ ಕಣ್ಣು ಮುಚ್ಚಿಕೊಂಡಳು. ಹೆದರಿದ್ದಾಳೆ ಎಂದೇ ಮಗಳು ತಿಳಿದಳು.

*

"ಯಾಕೆ ಬಚ್ಚಿಟ್ಟೆ, ಹೇಳು."

"ಹೇಳಿದ್ರೆ ನೀವು ಎಸೀತಿದ್ರಿ. ಇವು ನಮಗೇನೂ ಮಾಡಲ್ಲ, ಅತ್ತಿಗೆ. ಬಲೆ ಕೂಡ ಹಾಕಲ್ಲ. ಹಾರಿ ನೊಣ ಹಿಡೀತವೆ, ಅಷ್ಟೇ." ಸೊಸೆ ಬಿಳಿ ಬಟ್ಟೆಯ ಮೇಲೆ ಅಂಗೈ ಚಾಚಿದಳು. ಜೇಡ ನೆಗೆದು ಹತ್ತಿ, ಮಣಿಕಟ್ಟಿನವರೆಗೆ ನಡೆದು ನಿಂತಿತು. ಯಾರೋ ಉಸಿರೆಳೆದುಕೊಂಡರು. "ಅತ್ತೆಗೆ ಇವು ಬೇಕಿತ್ತು," ಎಂದು ಅವಳು ಹೇಳತೊಡಗಿದಳು.

*

ಮದುವೆ ಬಟ್ಟೆಗೆ ಮಣಿ ಹೊಲಿದು ಹೊಲಿದು ಅತ್ತೆಗೆ ಬೀದಿಯಲ್ಲೆಲ್ಲ ಮಣಿಯಮ್ಮ ಎಂದೇ ಹೆಸರು. ಕೈ ಬಿದ್ದುಹೋದ ಮೇಲೆ, ಹೊತ್ತು ಹೋಗಲಿ ಎಂದು ಸೊಸೆ ಮಣಿಯ ತಟ್ಟೆಯನ್ನು ಮುಂದಿಟ್ಟಳು. ಮಣಿಯಮ್ಮ ಎಡಗೈಯಿಂದ ಅದನ್ನು ತಳ್ಳಿ ಗೋಡೆಗೆ ಮುಖ ಮಾಡಿದಳು. ಊಟವನ್ನೂ ಮುಟ್ಟಲಿಲ್ಲ.

ಸೊಸೆ ಚೆಲ್ಲಿದ ಮಣಿ ಹೆಕ್ಕುತ್ತಿದ್ದಾಗ ಒಂದು ಮಣಿ ನೆಗೆಯಿತು.

"ಅಯ್ಯೋ ಅತ್ತೆ, ಮಣಿಗೆ ಕಾಲು ಬಂದಿದೆ!"

ಕಿಟಕಿಯ ಗಿಡದಿಂದ ಇಳಿದು ಬಂದ ಜೇಡ. ಮಣಿಯಮ್ಮ ತಿರುಗಿ ನೋಡಿದಳು. ಅಂದು ರಾತ್ರಿ ನಾಲ್ಕು ತುತ್ತು ಉಂಡಳು.

ಹಣ್ಣು ಕೊಳೆಸಿ ಚಿಕ್ಕ ನೊಣ ಸಾಕುವುದು, ಸಂಜೆ ಚಿಲಕ ಹಾಕಿ ಹಾಸಿಗೆಯ ಮೇಲೆ ಜೇಡ ಬಿಡುವುದು ಅತ್ತೆ ಸೊಸೆಯರ ಗುಟ್ಟಾಯಿತು. ಒಂದು ಸಂಜೆ ಗಂಡು ಜೇಡ ಮುಂಗಾಲೆರಡನ್ನೂ ಎತ್ತಿ, ಮೈ ಅದುರಿಸುತ್ತ ಹೆಣ್ಣಿನ ಮುಂದೆ ಕುಣಿದೇ ಕುಣಿಯಿತು. ಹೆಣ್ಣು ಪೂರ್ತಿ ನೋಡಿ, ಬೆನ್ನು ತಿರುಗಿಸಿ ಹೊರಟುಹೋಯಿತು. ಗಂಡು ಕಾಲೆತ್ತಿಕೊಂಡೇ ನಿಂತಿತ್ತು.

"ಪಾಪ, ಅವನ ಮುಖ ನೋಡಿ ಅತ್ತೆ!"

ಮಣಿಯಮ್ಮ ನಕ್ಕಳು.

*

"ಸುಳ್ಳು," ಎಂದಳು ಮಗಳು. ವಿಷದ ಮಾತು ಅವಳಿಗೆ ಮರೆತೇಹೋಗಿತ್ತು. "ಅಮ್ಮ ನಗಲಿಲ್ಲ. ಎಷ್ಟು ಸಲ ಬಂದು ಎದುರಿಗೆ ಕೂತಿದ್ದೀನಿ. ಒಂದ್ಸಲಾನೂ ನಗಲಿಲ್ಲ."

ಹೆಗಲು ಕೊಡಲು ನಿಂತಿದ್ದ ಬೀದಿಯ ಇಸ್ತ್ರಿಯವನು ಗಂಟಲು ಸರಿಮಾಡಿಕೊಂಡ. "ನಗ್ತಿದ್ರಮ್ಮ. ಈ ಕಿಟಕಿ ಕೆಳಗೇ ನನ್ನ ಮೇಜು. ಮೊದಲ ದಿನ ಯಾರದ್ದೋ ಕತ್ತು ಹಿಸುಕ್ತಿದಾರೆ ಅಂತ ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು ಓಡಿ ಬಂದೆ. ಅಂಗಿ ಸುಟ್ಟು ಕರಕಲಾಯ್ತು. ನೋಡಿದ್ರೆ ನಗು!"

ಮಗಳು ಪೆಟ್ಟಿಗೆಯನ್ನು ತಾನೇ ಮಂಚದಡಿಗೆ ಸರಿಸಿದಳು. "ಎತ್ತಿ," ಎಂದಳು.

ಸೊಸೆ ಜೇಡವನ್ನು ಕಿಟಕಿಯ ಗಿಡಕ್ಕೆ ಬಿಟ್ಟು ಬರುವಷ್ಟರಲ್ಲಿ ಗಾಡಿ ಹೊರಟು ನಿಂತಿತ್ತು. ಗಂಡ ಒಳಗೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಅವಳು ಅವನನ್ನು ದಾಟಿ ಹೋಗಿ ಅತ್ತಿಗೆಯ ಎದುರಿಗೆ ಕೂತಳು. ನಡುವೆ ಮಣಿಯಮ್ಮ.

ಎರಡು ಬೀದಿ ಕಳೆಯುವವರೆಗೂ ಮಗಳು ತಲೆ ತಗ್ಗಿಸಿಕೊಂಡಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು. "ಹೇಗಿತ್ತು? ನಗು?"

ಸೊಸೆ ಅವಳ ಮುಖವನ್ನೇ ನೋಡಿದಳು, ಕೇಳುವುದರ ಹಿಂದೆ ಇನ್ನೇನಿದೆಯೋ ಎಂಬಂತೆ. ಕೊನೆಗೆ ತುಟಿಯನ್ನು ಒಂದು ಕಡೆಗೆ ಎಳೆದು, ಒಂದು ಕಣ್ಣು ಅರೆಮುಚ್ಚಿ, ಮೂಗಿನಿಂದ ಗೊರ್ ಗೊರ್ ಎಂದು ಸದ್ದು ತೆಗೆದಳು.

"ಹೀಗಾ?" ಮಗಳೂ ತುಟಿ ಎಳೆದಳು.

"ಇನ್ನೂ ಸ್ವಲ್ಪ ಎಡಕ್ಕೆ, ಅತ್ತಿಗೆ."

ಚಾಲಕ ಕನ್ನಡಿ ತಿರುಗಿಸಿ ನೋಡಿದ. ಹೆಣದ ಆಚೆ ಈಚೆ ಕೂತ ಇಬ್ಬರು ಹೆಂಗಸರು ಬಾಯಿ ಸೊಟ್ಟ ಮಾಡಿಕೊಂಡು, ಕೆನ್ನೆಯ ಮೇಲೆ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಒಬ್ಬರ ಮುಖ ಒಬ್ಬರು ತಿದ್ದುತ್ತಿದ್ದರು. ಅವನು ಕನ್ನಡಿಯಿಂದ ಕಣ್ಣು ಕೀಳದೆ ಗಾಡಿಯ ವೇಗ ಹೆಚ್ಚಿಸಿದ.