ನಕ್ಷೆಯ ಉತ್ತರದ ಮೂಲೆ

ಅಶ್ವಿತಾಳಿಗೆ ಪಾಸ್‌ಪೋರ್ಟ್ ಇರಲಿಲ್ಲ. ಆದರೂ ಅವಳ ಕೆಲಸ ಲೋಕಶಾಂತಿಯದು. ಅಮ್ಮತ್ತಿ ಹತ್ತಿರದ ಎಸ್ಟೇಟ್ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಶಾಂತಿ ಅಧ್ಯಯನ ಸಂಸ್ಥೆಗೆ ಅವಳೇ ಸಂಶೋಧಕಿ, ಅವಳೇ ಗುಮಾಸ್ತೆ.

“ಕುಟ್ಟದ ಗಡಿ ದಾಟಿ ಗೊತ್ತಿಲ್ಲ, ಯುದ್ಧ ನಿಲ್ಲಿಸ್ತಾಳಂತೆ,” ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೂವಯ್ಯ ರೇಗಿಸುತ್ತಿದ್ದ.

“ನಿಲ್ಲಿಸೋದಲ್ಲ ಮಾವ, ನಿಂತ ಯುದ್ಧದ ಕಸ ಗುಡಿಸೋದು.”

ಕಸವೆಂದರೆ ನೆಲಬಾಂಬು. ದೂರದ ಎರಡು ದೇಶಗಳ ನಡುವಿನ ಕಣಿವೆಯಲ್ಲಿ ಮೂವತ್ತು ವರ್ಷದ ಹಿಂದೆ ಎರಡೂ ಸೈನ್ಯಗಳು ಹೂತಿದ್ದವು. ಕಾಗದಪತ್ರ ಸುಟ್ಟುಹೋಗಿದ್ದವು. ಜಾಗ ಬಲ್ಲವರು ಇಬ್ಬರೇ ಉಳಿದಿದ್ದರು, ಎರಡು ಕಡೆಯ ಇಬ್ಬರು ಮುದಿ ಸೈನಿಕರು. ಸರ್ಕಾರಗಳು ಕರೆದಾಗ ಬರಲಿಲ್ಲ. ಯಾವ ಸರ್ಕಾರಕ್ಕೂ ಸೇರದ ಈ ಪುಟ್ಟ ಸಂಸ್ಥೆ ಕರೆದಾಗ ಬಂದರು. ಕರೆಯೋಲೆಯಲ್ಲಿ ಅಶ್ವಿತಾ ಬರೆದಿದ್ದಳು: ‘ಇಲ್ಲಿ ಬಂದೂಕಿನ ಸದ್ದು ಕೇಳಿಸುವುದಿಲ್ಲ.’

ಅವರು ಬಂದಾಗ ಕಾಫಿ ಹೂ ಬಿಟ್ಟಿತ್ತು. ಇಳಿಜಾರೆಲ್ಲ ಬಿಳಿ. ತಲೆ ತಿರುಗಿಸುವ ಪರಿಮಳ, ಜೇನಿನ ಒಂದೇ ಸಮನೆ ಗುಂಯ್ ಗುಂಯ್.

“ಹೂವಿನ ಹೊತ್ತಲ್ಲಿ ತೋಟಕ್ಕೆ ಯಾರಾದ್ರೂ ನುಗ್ತಾರಾ? ಉದುರಿದ್ರೆ ನಿನ್ನ ಮುದುಕರು ಬಂದು ಅಂಟಿಸ್ತಾರಾ?” ಪೂವಯ್ಯ ಗೊಣಗಿದ.

ಮುದುಕರಿಗೆ ಆ ಇಳಿಜಾರು ತಮ್ಮ ಕಣಿವೆಯಾಗಿಬಿಟ್ಟಿತ್ತು. ಈ ಸಿಲ್ವರ್ ಓಕ್ ಸಾಲೇ ನದಿ, ಆ ಬಂಡೆಯೇ ಸೇತುವೆ. ಬಿಳಿ ಅಂಗಿಯ ಇಬ್ಬರೂ ಬಿಳಿ ಹೂವಿನೊಳಗೆ ಕರಗಿಹೋಗುತ್ತಿದ್ದರು. ಎರಡು ತಲೆಗಳು ಮಾತ್ರ ತೇಲಿದಂತೆ ಕಾಣುತ್ತಿದ್ದವು. ಕಾಲನ್ನು ಅಳೆದು ಅಳೆದು ಇಡುತ್ತಿದ್ದರು. ನಿಂತು “ಇಲ್ಲಿ” ಎಂದರೆ ಹಿಂದಿನಿಂದ ಅಶ್ವಿತಾ ನಕ್ಷೆಯಲ್ಲಿ ಚುಕ್ಕೆ ಇಡುತ್ತಿದ್ದಳು. ಎರಡು ದಿನ ಹೀಗೆ ನಡೆದು, ಅವಳಿಗೇ ತಾನಿರುವುದು ಯಾವ ದೇಶವೆಂಬುದು ಮರೆತಂತಾಗಿತ್ತು.

ಮೂರನೇ ದಿನಕ್ಕೆ ಉತ್ತರದ ಮೂಲೆ ಉಳಿದಿತ್ತು. ಅದು ಇಬ್ಬರಲ್ಲಿ ಎತ್ತರದ ಮುದುಕನೊಬ್ಬನಿಗೇ ಗೊತ್ತಿದ್ದದ್ದು. ಆತ ಬೆರಳೆತ್ತಿದ. ಧಡ್! ಮತ್ತೆ ಧಡ್! ಎರಡು ಗುಂಡು.

ಇಬ್ಬರೂ ನೆಲಕ್ಕೆ ಬಿದ್ದರು.

“ಗಾಬರಿಯಾಗಬೇಡಿ,” ಅಶ್ವಿತಾ ನಕ್ಕಳು. “ಹಾಸಿಗೆ ಹಿಡಿದಿದ್ದ ಪಕ್ಕದ ಮನೆ ದೇರಪ್ಪಜ್ಜ ತೀರಿಕೊಂಡಿದ್ದಾರೆ, ಅಷ್ಟೇ.”

“ಹೊಡೆದವರು ಯಾರು?”

“ಅವರ ಮಕ್ಕಳೇ!”

ಎತ್ತರದ ಮುದುಕನ ಮುಖ ನೋಡಿದ ಮೇಲೆ ಅವಳಿಗೆ ನಗು ನಿಂತಿತು. ಸಾವಿನ ಸುದ್ದಿ ಊರಿಗೆ ತಿಳಿಸಲು ಎರಡು ಗುಂಡು ಹಾರಿಸುವುದು ಇಲ್ಲಿಯ ಪದ್ಧತಿ ಎಂದು ಬಿಡಿಸಿ ಹೇಳಿದಳು.

“ನಂಬುತ್ತೇನೆ,” ಎಂದ ಆತ, ಮೊಣಕಾಲಿನ ಹೂ ಕೊಡವುತ್ತ. “ಆದರೆ ಕಾಗದದಲ್ಲಿ ಬೇರೆ ಬರೆದಿದ್ದಿರಿ.”

ನಿಜವೇ. ಹುಟ್ಟಿದಾಗಿನಿಂದ ಕೇಳಿದ್ದನ್ನು ಅವಳು ಬಂದೂಕಿನ ಸದ್ದೆಂದು ಎಣಿಸಿರಲೇ ಇಲ್ಲ.

“ಒಂದು ಸಾಲು ತಪ್ಪಿದವರ ನಕ್ಷೆ ಹಿಡಿದು ನಮ್ಮ ಹುಡುಗರು ಕಾಲಿಡಬೇಕೆ?” ಎಂದವನೇ ಬಂಗಲೆಯತ್ತ ನಡೆದ. ಗಿಡ್ಡ ಮುದುಕ ಕರೆದ, ಈತ ತಿರುಗಲಿಲ್ಲ. ಸಂಜೆಯೇ ಹೊರಟುಹೋದ. ಆಮೇಲೆ ಅಶ್ವಿತಾ ಬರೆದ ಒಂಬತ್ತು ಪತ್ರಗಳಿಗೂ ಉತ್ತರವಿಲ್ಲ.

ನಕ್ಷೆಯಲ್ಲಿ ನಲವತ್ತೊಂದು ಚುಕ್ಕೆಗಳಿದ್ದವು. ಗಿಡ್ಡ ಮುದುಕನ ಕಡೆಯವರು ಆ ನಲವತ್ತೊಂದನ್ನೂ ಅಗೆದು ತೆಗೆದರು. ಕಣಿವೆಯ ಉತ್ತರದ ಮೂಲೆಯಲ್ಲಿ ಆ ವರ್ಷ ಹೋದದ್ದು: ಹನ್ನೊಂದು ಮೇಕೆ, ಒಂದು ಕತ್ತೆ, ಇಬ್ಬರು ಹೆಂಗಸರು, ಒಬ್ಬ ಕುರುಬನ ಬಲಗಾಲು.