ಹಸಿರು ಅಸ್ತರಿನ ಕೋಟು

ಯುದ್ಧದ ಆ ಚಳಿಗಾಲದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ನಮ್ಮ ಕೊಲ್ಲಿಯ ಬಾಯಿಗೇ ಬಂದು ಹಡಗುಗಳನ್ನು ಹೊಡೆಯುತ್ತಿದ್ದವು. ಮನೆಯ ಕಿಟಕಿಗಳು ಅದುರಿದರೆ ಸಾಕು, ಇನ್ನೊಂದು ಮುಳುಗಿತು ಎಂದು ನಮ್ಮ ಊರು ಪೋರ್ತ್ ಹೆಲಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಮಾರನೆಯ ದಿನ ಅಲೆಗಳು ಹಲಗೆ, ಹಾಲಿನ ಡಬ್ಬಿ ಎಲ್ಲವನ್ನೂ ದಡಕ್ಕೆ ತಂದು ಹಾಕುತ್ತಿದ್ದವು. ಸಿಕ್ಕಿದ್ದನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂದು ಕಾನೂನು. ಆದರೂ ಮೇಣದಬತ್ತಿಯ ಪೆಟ್ಟಿಗೆಗಳು ತೇಲಿಬಂದ ತಿಂಗಳು ನಮ್ಮ ಚಾಪೆಲ್ಲಿನಲ್ಲಿ ಎಂದೂ ಇಲ್ಲದ ಬೆಳಕಿತ್ತು. ಎಲ್ಲಿಂದ ಬಂತೆಂದು ಪಾದ್ರಿ ಕೇಳಲಿಲ್ಲ.

ಸಾಮಾನಿನ ಜೊತೆ ಹೆಣಗಳೂ ಬರುತ್ತಿದ್ದವು.

ನನ್ನ ಪಕ್ಕದ ಮನೆಯ ಲಿನೆಡ್ ಆಲೂಗಡ್ಡೆ ಹೊಲದ ಗೊಬ್ಬರಕ್ಕೆಂದು ಬೆಳಗ್ಗೆ ಕಡಲಪಾಚಿ ತರಲು ಹೋಗುತ್ತಿದ್ದಳು. ಅವಳ ಗಂಡ ಇಥೆಲ್ ಕಲ್ಲುಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ಗಣಿ ಬಿಟ್ಟ ಮೇಲೆ ತೆಳ್ಳನೆಯ ಅಂಗಿಯಲ್ಲೇ ಮೀನಿನ ದೋಣಿಗೆ ಹೋಗಿ ಕೆಮ್ಮುತ್ತ ಬರುತ್ತಿದ್ದ. ಫೆಬ್ರವರಿಯ ಒಂದು ಬೆಳಗ್ಗೆ ಬಂಡೆಗಳ ಸಂದಿಯಲ್ಲಿ ಒಬ್ಬ ನಾವಿಕ ಕವುಚಿ ಬಿದ್ದಿರುವುದು ಲಿನೆಡ್‌ಗೆ ಕಂಡಿತು. ಅವನ ಮೈಮೇಲೆ ದಪ್ಪ ಉಣ್ಣೆಯ ಕೋಟಿತ್ತು. ಅವಳು ಅವನ ತೋಳುಗಳನ್ನು ಎಳೆದು ಕೋಟು ಬಿಚ್ಚಿದಳು, ಅದನ್ನು ಮುಳ್ಳುಪೊದೆಯೊಳಗೆ ತುರುಕಿದಳು, ಆಮೇಲೆ ದಿಬ್ಬ ಹತ್ತಿ ಊರನ್ನು ಕೂಗಿದಳು.

ನಾವು ಹೋಗುವಷ್ಟರಲ್ಲಿ ಅವನು ಬರೀ ಅಂಗಿಯಲ್ಲಿದ್ದ. ಜೀವವಿರಲಿಲ್ಲ. ಮುಖ ಬಂಡೆಗೆ ಉಜ್ಜಿ ಗುರುತು ಸಿಗುವಂತಿರಲಿಲ್ಲ. ಆ ವಾರ ಬಂದ ಇನ್ನಿಬ್ಬರ ನಡುವೆ ಅವನನ್ನೂ ಹೆಸರಿಲ್ಲದೆ ಹೂತೆವು.

ಕೋಟು ಸಂತೆಯಲ್ಲಿ ಕೊಂಡದ್ದು ಎಂದು ಲಿನೆಡ್ ಗಂಡನಿಗೆ ಹೇಳಿದಳಂತೆ. ಅವನು ತೊಟ್ಟು, ಒಳಗೆ ಕೈಯಾಡಿಸಿ, "ಲೇ, ಹಸಿರು ರೇಷ್ಮೆ ಕಣೇ! ನನ್ನ ದೊರೆ ಮಾಡ್ಬಿಟ್ಯಲ್ಲೇ!" ಎಂದು ನಕ್ಕನಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಏಪ್ರಿಲ್‌ನಲ್ಲಿ ಕೇರ್ಗಿಬಿ ಬಂದರಿನಿಂದ ಗ್ವೆನ್ನೊ ಎಂಬ ಹೆಂಗಸು ಬಾಡಿಗೆ ಗಾಡಿಯಲ್ಲಿ ಬಂದಳು. ಕರಾವಳಿಯ ಒಂದೊಂದೇ ಊರಿಗೆ ಹೋಗಿ ಗಂಡನ ಗೋರಿ ಹುಡುಕುತ್ತಿದ್ದಳು. ನಾನು ಒಳಗೆ ಕರೆದು ಚಹಾ ಕೊಟ್ಟೆ. ಲಿನೆಡ್ ಕೂಡ ಅಲ್ಲೇ ಕೂತಿದ್ದಳು.

"ಮುಖ ನೋಡಿ ಹೇಳಕ್ಕಾಗಲ್ಲ ಅಂತ ಗೊತ್ತಕ್ಕ," ಎಂದಳು ಗ್ವೆನ್ನೊ. "ಕೋಟು ನೋಡಿದ್ರೆ ಸಾಕು. ಅಸ್ತರು ಹರಿದಿತ್ತು. ನನ್ನ ಮದುವೆ ಲಂಗ ಕತ್ತರಿಸಿ ನಾನೇ ಹೊಲಿದಿದ್ದೆ. ಹಸಿರು ರೇಷ್ಮೆ. ನನ್ನ ಗಂಡ ಟುಡ್ವಲ್‌ಗೆ ನಾಚ್ಕೆ, ಗುಂಡಿ ಬಿಚ್ತಾನೇ ಇರ್ಲಿಲ್ಲ."

"ಇಲ್ಲಿಗೆ ಬಂದ ಮೂವರ ಮೈಮೇಲೂ ಕೋಟಿರ್ಲಿಲ್ಲಮ್ಮ," ಎಂದೆ ನಾನು. ನನಗೆ ಗೊತ್ತಿದ್ದದ್ದು ಅಷ್ಟೇ.

"ಹಾಗಾದ್ರೆ ಮುಂದಿನೂರು," ಎಂದು ಅವಳು ಎದ್ದಳು.

ಲಿನೆಡ್ ಎದ್ದು ಹೊರಗೆ ಓಡಿದಳು. ದಡದಲ್ಲಿ ಇಥೆಲ್ ಆಗತಾನೆ ದೋಣಿ ಎಳೆಯುತ್ತಿದ್ದ.

"ಬಿಚ್ಚು ಅದನ್ನ."

"ಹುಚ್ಚು ಹಿಡೀತೇನೇ? ಈ ಗಾಳೀಲಿ?"

"ಬಿಚ್ಚು ಅಂದ್ನಲ್ಲ!"

ಊರ ಗಂಡಸರೆಲ್ಲ ನೋಡುತ್ತಿದ್ದಂತೆ ಅವಳೇ ಅವನ ಮೈಯಿಂದ ಕೋಟು ಕಿತ್ತುಕೊಂಡು ಓಡಿಬಂದಳು. ಗಾಡಿ ಹೊರಟಿತ್ತು. ನಾನು ಕೂಗಿ ನಿಲ್ಲಿಸಿದೆ.

ಗ್ವೆನ್ನೊ ಕೋಟಿನ ಒಳಗನ್ನು ಹೊರಗೆ ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಎಲ್ಲಿದ್ದಾರೆ?"

"ಮೂರರಲ್ಲಿ ನಡೂದು," ಎಂದಳು ಲಿನೆಡ್. "ನಾನೇ ಬಿಚ್ಕೊಂಡೆ. ನನ್ನ ಗಂಡಂಗೆ ಎದೆ ನೋವು... ತಪ್ಪಾಯ್ತು."

"ನೀನು ಬಿಚ್ಚುವಾಗ ಅವರು ಸತ್ತಿದ್ರಾ?"

ಲಿನೆಡ್ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. "ಸತ್ತಿದ್ರು. ಮೈ ತಣ್ಣಗಿತ್ತು."

"ನೀರಿಂದ ಬಂದೋರ ಮೈ ತಣ್ಣಗೇ ಇರತ್ತೆ. ಉಸಿರು ನೋಡಿದ್ಯಾ? ಎದೆ ಮುಟ್ಟಿದ್ಯಾ?"

ಗಾಡಿಯವನು ಬೇರೆ ಕಡೆ ಮುಖ ತಿರುಗಿಸಿದ. ಸುಳ್ಳು ಹೇಳಲು ಲಿನೆಡ್‌ಗೆ ಅವಕಾಶವಿತ್ತು. ಹೇಳಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

"ನೋಡ್ಲಿಲ್ಲ," ಎಂದಳು ಅವಳು.

ಗ್ವೆನ್ನೊ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಗೋರಿಗೆ ಹೋದಳು. ಗಾಡಿಯವನು ಎರಡು ಸಲ ಕರೆದ ಮೇಲೆ ವಾಪಸು ಬಂದಳು. ಹೋಗುವಾಗ ಲಿನೆಡ್ ಕಡೆ ನೋಡಲಿಲ್ಲ.

ಚಾಪೆಲ್ಲಿನ ಹಿರಿಯರು ಲಿನೆಡ್‌ಳನ್ನು ಎಲ್ಲರೆದುರು ನಿಲ್ಲಿಸಿ ಸಭೆಯಿಂದ ಹೊರಗೆ ಹಾಕಿದರು. ಹಡಗಿನ ಮೇಣದಬತ್ತಿ ಯಾರ ಯಾರ ಮನೆಯಲ್ಲಿದೆ ಎಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ನಾನೂ ತಲೆ ತಗ್ಗಿಸಿ ಕೂತಿದ್ದೆ. ಇಥೆಲ್ ಮಾತ್ರ ಎದ್ದು ಅವಳ ಹಿಂದೆಯೇ ಹೊರಟ. ಮನೆಯಲ್ಲಿ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. "ಬೈದಿದ್ರೆ ಚೆನ್ನಾಗಿತ್ತು ಕಣೇ," ಎಂದು ಲಿನೆಡ್ ನನ್ನ ಹತ್ತಿರ ಹೇಳಿದ್ದಳು.

ಆ ಬೇಸಿಗೆಯಲ್ಲಿ ಇನ್ನೂ ಎರಡು ಹಡಗುಗಳು ಮುಳುಗಿದವು. ಹೆಣ ಬಂತೆಂದು ಕೂಗು ಕೇಳಿದರೆ ಎಲ್ಲರಿಗಿಂತ ಮೊದಲು ಲಿನೆಡ್ ದಡದಲ್ಲಿರುತ್ತಿದ್ದಳು. ಒದ್ದೆ ಮರಳಿನಲ್ಲಿ ಮಂಡಿಯೂರಿ, ಒಬ್ಬೊಬ್ಬನ ಎದೆಗೂ ಕಿವಿಯಿಟ್ಟು ಕೇಳುತ್ತಿದ್ದಳು. ನೀರಿನಲ್ಲಿ ಎಷ್ಟೋ ದಿನ ಕಳೆದು ಬಂದವರನ್ನೂ ಬಿಡುತ್ತಿರಲಿಲ್ಲ. ಗಂಡಸರು ಹೆಣ ಹೊರುವ ಹಲಗೆ ಹಿಡಿದು ನಿಂತು ಕಾಯುತ್ತಿದ್ದರು. ಅವಳಿಗೆ ಏಳು ಎಂದು ಯಾರೂ ಹೇಳುತ್ತಿರಲಿಲ್ಲ.