ಆಮೆನ್ ಅನ್ನುವ ತನಕ

ನನ್ನ ಓರಗಿತ್ತಿಯ ಬಾಯಿಂದ 'ಸ್ತೋತ್ರ' ಎಂಬ ಮಾತು ಹೊರಟರೆ ಸಾಕು, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತದೆ. ದೇವರಿಗೆ ಸ್ತೋತ್ರ ಹೇಳಬಾರದೆಂದಲ್ಲ. ನಾನೂ ದೀಕ್ಷಾಸ್ನಾನ ಪಡೆದವಳೇ. ಆದರೆ ಮಾಡಿದವರೊಬ್ಬರು, ಸ್ತೋತ್ರ ಹೇಳುವವರು ಇನ್ನೊಬ್ಬರಾದರೆ ಹೇಗೆ ಸಹಿಸುವುದು? ನಮ್ಮ ಅತ್ತೆ ಹಾಸಿಗೆ ಹಿಡಿದಾಗ ಬಳಿದದ್ದು, ತೊಳೆದದ್ದು, ಬೆನ್ನು ಹುಣ್ಣಾಗದಂತೆ ಹೊರಳಿಸಿದ್ದು ನಾನು. ಈ ಮಹಾತಾಯಿ ಭಾನುವಾರಕ್ಕೊಮ್ಮೆ ಬಂದು ಹಣೆ ಮುಟ್ಟಿ ಹೋಗುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, "ಅತ್ತೆ ಸೇವೆ ಮಾಡೋಕೆ ನನಗೆ ಶಕ್ತಿ ಕೊಟ್ಟ ಕರ್ತನಿಗೆ ಸ್ತೋತ್ರ" ಎಂದು ಕಣ್ಣೀರು ಸುರಿಸಿದಳು. ಪಾಸ್ಟರು ಅವಳ ತಲೆ ಸವರಿದರು. ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. ಅವತ್ತೇ ಅವಳ ಜೊತೆ ಮಾತು ಬಿಟ್ಟೆ. ಸ್ತೋತ್ರಮ್ಮ ಎಂದು ಹೆಸರಿಟ್ಟವಳೂ ನಾನೇ.

ಮಾತು ಬಿಟ್ಟೆ ಸರಿ, ಮುಖ ನೋಡದಿರುವುದು ಹೇಗೆ? ಇಬ್ಬರಿಗೂ ಒಂದೇ ಲಾಂಡ್ರಿಯಲ್ಲಿ ಕೆಲಸ, ಅದೂ ಒಂದೇ ಯಂತ್ರದ ಮುಂದೆ. ಹೋಟೆಲುಗಳ ಬೆಡ್‌ಶೀಟುಗಳನ್ನು ಇಸ್ತ್ರಿ ಮಾಡುವ ದೊಡ್ಡ ರೋಲರ್ ಅದು. ಒದ್ದೆ ಶೀಟಿನ ಒಂದು ಮೂಲೆ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಇಬ್ಬರೂ ಬಿಗಿಯಾಗಿ ಎಳೆದು ಹಿಡಿದು ಕಾದ ರೋಲರಿನ ಬಾಯಿಗೆ ಕೊಡಬೇಕು. ಅದು ಬಟ್ಟೆ ಕಚ್ಚಿದ ತಕ್ಷಣ ಬೆರಳು ಬಿಡಬೇಕು. ಬಿಡದಿದ್ದರೆ ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ. ಜಗಳಕ್ಕೆ ಅಲ್ಲಿ ಜಾಗವಿಲ್ಲ. ಮಾತಿಲ್ಲದೆಯೇ ನಮ್ಮ ಕೈಗಳು ಹೊಂದಿಕೊಂಡಿದ್ದವು.

ಯಜಮಾನಿ ಭಾರಿ ಭಕ್ತೆ. ಎಲ್ಲರೂ ಅಮ್ಮಾವ್ರು ಎನ್ನುತ್ತೇವೆ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಸುತ್ತ ನಿಲ್ಲಬೇಕು. ಸರದಿ ಬಂದವರು, ದೇವರು ಕೊಟ್ಟ ಕೆಲಸಕ್ಕೂ ಆರೋಗ್ಯಕ್ಕೂ ಸ್ತೋತ್ರ ಹೇಳಬೇಕು. ಹೇಳುವವರು ಆಮೆನ್ ಅನ್ನುವ ತನಕ ಬೇರೆ ಯಾರೂ ಬಾಯಿ ಹಾಕುವಂತಿಲ್ಲ, ಯಂತ್ರದ ಗುಂಡಿ ಒತ್ತುವಂತಿಲ್ಲ. ಅಮ್ಮಾವ್ರ ತಂದೆಯ ಕಾಲದಿಂದ ಬಂದ ನಿಯಮ. ಆರೋಗ್ಯ ಸರಿಯಿಲ್ಲ ಎಂದು ಅಲ್ಲಿ ಯಾರೂ ಹೇಳಿದ್ದಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾರಲ್ಲ! ಕೆಮ್ಮುವವರು, ಕುಂಟುವವರು, ಸೊಂಟ ಹಿಡಿದುಕೊಂಡವರು, ಎಲ್ಲರೂ ಕಣ್ಣು ಮುಚ್ಚಿ ತಮ್ಮ ಕಲ್ಲುಗುಂಡಿನಂಥ ಆರೋಗ್ಯಕ್ಕೆ ಸ್ತೋತ್ರ ಹೇಳುತ್ತಿದ್ದರು. ದೇವರು ಅದನ್ನು ಕೇಳಿ ಏನಂದುಕೊಳ್ಳುತ್ತಿದ್ದನೋ ಏನೋ.

ಈಚೆಗೆ ಅವಳ ಕಡೆಯ ಮೂಲೆ ಸಡಿಲವಾಗಿ ಬರತೊಡಗಿತು. ನನ್ನನ್ನು ಕೆಣಕಲೆಂದೇ ಮಾಡುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಗಮನಿಸಿದೆ, ಬಿಡುವ ಮುಂಚೆ ಅವಳು ತನ್ನ ಬೆರಳನ್ನೇ ನೋಡುತ್ತಿದ್ದಳು. ಈ ಕೆಲಸದಲ್ಲಿ ಪಳಗಿದವರು ಬೆರಳು ನೋಡುವುದಿಲ್ಲ; ಬಿಸಿ ಹತ್ತಿರ ಬಂದದ್ದು ಬೆರಳಿಗೇ ಗೊತ್ತಾಗುತ್ತದೆ. ಒಂದು ದಿನ ಅವಳ ಕಿರುಬೆರಳು ರೋಲರಿನ ಅಂಚಿನ ಕಾದ ತಗಡಿಗೆ ತಾಗಿಕೊಂಡೇ ಇತ್ತು. ಅವಳು ಮುಖ ಕಿವಿಚಲಿಲ್ಲ, ಹಾ ಎನ್ನಲಿಲ್ಲ. ಕೈ ಸುಡುತ್ತಿರುವುದು ಅವಳಿಗೆ ತಿಳಿದೇ ಇರಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದೆ.

"ಏ, ನಿನ್ನ ಬೆರಳಿಗೆ ಏನಾಗಿದೆ?"

"ಅಬ್ಬಬ್ಬಾ! ಮಹಾರಾಣಿ ಬಾಯಿ ಬಿಟ್ರಲ್ಲ!"

"ನಾಟಕ ಬೇಡ. ಮರಗಟ್ಟಿವೆ ತಾನೇ? ಬಿಸಿ ಗೊತ್ತಾಗ್ತಿಲ್ಲ ತಾನೇ?"

ಅವಳ ಮುಖ ಬಿಳಿಚಿಕೊಂಡಿತು. ಆಚೀಚೆ ನೋಡಿ ದನಿ ತಗ್ಗಿಸಿದಳು. "ಅಮ್ಮಾವ್ರ ಕಿವಿಗೆ ಹಾಕಿದ್ರೆ ನಿನ್ನನ್ನ ಸುಮ್ನೆ ಬಿಡಲ್ಲ. ನಿನ್ನ ಮೈದುನ ಮನೇಲಿ ಕಾಲು ಚಾಚ್ಕೊಂಡು ಬಿದ್ದಿದ್ದಾನೆ. ಈ ಕೆಲಸ ಹೋದ್ರೆ ನಾನೂ ಮಕ್ಕಳೂ ಮಣ್ಣು ತಿನ್ನೋದಾ?"

"ಬೆರಳು ಹೋದ್ರೆ ಏನು ತಿಂತೀಯ?"

"ಹೋದ್ರೆ ನಂದು ಹೋಗುತ್ತೆ. ನಿನಗೆ ಹಾಲು ಕುಡಿದಷ್ಟು ಸಂತೋಷ ಆಗ್ಬೇಕಲ್ವಾ?"

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಆಯಿತು ಕೂಡ. ಆದರೆ ಯಂತ್ರದ ಮುಂದೆ ನಿಂತಾಗ ಆ ಸಂತೋಷ ನಿಲ್ಲಲಿಲ್ಲ. ಪ್ರತಿ ಶೀಟು ರೋಲರಿನ ಬಾಯಿಗೆ ಹೋಗುವಾಗಲೂ ನನ್ನ ಕಣ್ಣು ಅವಳ ಕೈಮೇಲೆ. ಹೇಳಿದರೆ ಅವಳ ಅನ್ನ ಹೋಗುತ್ತದೆ, ಹೇಳದಿದ್ದರೆ ಬೆರಳು. ಇದೆಂಥ ಪೀಕಲಾಟ! ಕೊನೆಗೆ, ರೋಲರ್ ಬಟ್ಟೆ ಕಚ್ಚುವುದಕ್ಕೆ ಮೊದಲೇ ನನ್ನ ಕಡೆಯಿಂದ ಜಗ್ಗಿ ಮೂಲೆಯನ್ನು ಅವಳ ಕೈಯಿಂದ ಕಿತ್ತುಬಿಡತೊಡಗಿದೆ. ಅವಳು ಗುರ್ರೆನ್ನುತ್ತಿದ್ದಳು. ಶೀಟುಗಳು ಸೊಟ್ಟಸೊಟ್ಟಗೆ ಹೊರಬಂದವು.

ಅಮ್ಮಾವ್ರು ನೋಡಿಯೇ ಬಿಟ್ಟರು. "ಏನಮ್ಮ ಇದು? ಮನೆ ಜಗಳ ಮನೇಲಿಟ್ಟು ಬಾ. ಇನ್ನೊಂದ್ಸಲ ಹೀಗೆ ಎಳೆದಾಡಿದ್ರೆ ಬೇರೆ ಕಡೆ ಕೆಲಸ ನೋಡ್ಕೊ."

ಬೈಗುಳ ಬಿದ್ದದ್ದು ನನಗೆ! ಅವಳು ತಲೆ ಬಗ್ಗಿಸಿ ಪಾಪದ ಹಸುವಿನಂತೆ ನಿಂತಿದ್ದಳು. ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಸ್ತೋತ್ರದ ಸರದಿ ಅವಳದು. "ಕರ್ತನೇ, ನೀನು ಕೊಟ್ಟ ಕೆಲಸಕ್ಕೆ ಸ್ತೋತ್ರ. ಈ ಗಟ್ಟಿ ಕೈಗಳಿಗೆ ಸ್ತೋತ್ರ. ದುಷ್ಟರ ಪಕ್ಕ ನಿಂತು ದುಡಿಯೋ ತಾಳ್ಮೆ ಕೊಟ್ಟಿದ್ದೀಯ, ಅದಕ್ಕೂ ಸ್ತೋತ್ರ. ಆಮೆನ್." ಯಾರೋ ಕಿಸಕ್ಕೆಂದರು. ಗಟ್ಟಿ ಕೈಗಳಂತೆ! ಆ ಕೈಗಳನ್ನು ಸಂಜೆಯವರೆಗೆ ಕಾಯುವವಳು ನಾನು, ದುಷ್ಟಳೂ ನಾನೇ. ಅವತ್ತು ಅವಳ ಕತ್ತು ಹಿಸುಕಬೇಕೆನ್ನಿಸಿತ್ತು.

ಅದರ ಮಾರನೆಯ ದಿನ ನನ್ನ ಸರದಿ. ಎಲ್ಲರೂ ತಲೆ ಬಗ್ಗಿಸಿದರು. ಅವಳಿಗೆ ಬುದ್ಧಿ ಕಲಿಸಬೇಕೆಂದೇ ಬಾಯಿ ತೆರೆದೆ.

"ಕರ್ತನೇ, ನನ್ನ ಬೆರಳುಗಳಿಗೆ ಸ್ತೋತ್ರ. ಬಿಸಿ ತಾಗಿದ್ರೆ ಚುರ್ ಅನ್ನುತ್ತೆ, ತಣ್ಣೀರು ತಾಗಿದ್ರೆ ಜುಮ್ ಅನ್ನುತ್ತೆ. ಅತ್ತೆಗೆ ಜ್ವರ ಬಂದಾಗ ಮುಟ್ಟಿದ ಕೂಡಲೇ ಗೊತ್ತಾಗ್ತಿತ್ತು. ಇದೆಲ್ಲ ನೀನು ಬಿಟ್ಟಿ ಕೊಟ್ಟಿದ್ದು."

ಹೀಗೆ ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಆದರೂ ಮುಂದುವರಿಸಿದೆ.

"ನನ್ನ ಪಕ್ಕ ನಿಂತಿರೋಳಿಗೆ ಆ ಭಾಗ್ಯ ಇಲ್ಲ ಸ್ವಾಮಿ. ಅವಳ ಎರಡೂ ಕೈ ಬೆರಳು ಮರಗಟ್ಟಿವೆ. ನಿನ್ನೆ ಗಟ್ಟಿ ಕೈ ಅಂದಿದ್ದು ಶುದ್ಧ ಸುಳ್ಳು."

ಓರಗಿತ್ತಿ ನನ್ನ ಕಾಲನ್ನು ಬಲವಾಗಿ ತುಳಿದಳು. ಅಮ್ಮಾವ್ರು ಕೆಮ್ಮಿದರು. ಕೆಮ್ಮಲಿ! ನಾನಿನ್ನೂ ಆಮೆನ್ ಅಂದಿಲ್ಲ.

"ಅವಳನ್ನ ರೋಲರಿನಿಂದ ತೆಗೀಲೇಬೇಕು. ಆದ್ರೆ ಮನೆಗೆ ಕಳಿಸಿದ್ರೆ ಅವಳ ಮಕ್ಕಳು ಉಪವಾಸ. ಮುಂಬಾಗಿಲ ಕೌಂಟರಿಗೆ ಜನ ಇಲ್ಲ, ಅಮ್ಮಾವ್ರೇ ಓಡಾಡ್ತಿದ್ದಾರೆ. ಹೋಟೆಲಿನವರು ಬಟ್ಟೆ ಗಂಟು ತಂದು ಹಾಕಿ ಜೋರು ಮಾಡ್ತಾರೆ. ಅಲ್ಲಿ ಬೆರಳು ಬೇಡ, ಬಾಯಿ ಬೇಕು. ಇವಳ ಬಾಯಿ ಎಂಥದ್ದು ಅಂತ ನಿನಗೇ ಗೊತ್ತು, ಕರ್ತನೇ. ಅಮ್ಮಾವ್ರ ಮನಸ್ಸಿಗೆ ಇದನ್ನ ತಿಳಿಸು. ನಾನು ಕಾಯ್ತೀನಿ."

ಬಾಯಿ ಮುಚ್ಚಿ ನಿಂತುಬಿಟ್ಟೆ. ಬಾಯ್ಲರ್ ಬುಸುಗುಡುತ್ತಿತ್ತು. ಒದ್ದೆ ಬಟ್ಟೆಯ ರಾಶಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯ್ಲರ್ ನೋಡಿಕೊಳ್ಳುವ ತಾತ "ಉಗಿ ಹಾಳಾಗ್ತಿದೆಯಲ್ಲಪ್ಪ" ಎಂದು ತನ್ನಷ್ಟಕ್ಕೇ ಗೊಣಗಿದ. ಇವಳ ಜೊತೆ ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಆದರೂ ಆಮೆನ್ ಅನ್ನಲಿಲ್ಲ.

ತಂದೆಯ ಕಾಲದ ನಿಯಮ ಮುರಿದವರು ಅಮ್ಮಾವ್ರೇ. "ಸಾಕು ನಿಲ್ಸು ಮಾರಾಯ್ತಿ! ಕೌಂಟರ್‌ನಲ್ಲೇ ಕೂರಲಿ. ಸಂಬಳ ಅಷ್ಟೇ ಇರುತ್ತೆ. ಏ, ನೀನು ಇವತ್ತೇ ಡಾಕ್ಟರ ಹತ್ರ ಬರ್ಬೇಕು ನನ್ನ ಜೊತೆ. ಇನ್ನಾದ್ರೂ ಹೇಳು ಆಮೆನ್."

"ಆಮೆನ್" ಎಂದೆ. ಎಲ್ಲರೂ ಎಂದರು, ಓರಗಿತ್ತಿಯ ಹೊರತು. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿ ಕೌಂಟರಿನತ್ತ ನಡೆದಳು. ಉಪಕಾರ ಸ್ಮರಣೆಯೇ ಇಲ್ಲದ ಹೆಂಗಸು!

ಟೀ ಹೊತ್ತಿಗೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದು ಎದುರಿಗೆ ನಿಂತಳು.

"ಊರೆದುರು ಮಾನ ಕಳೆದೆಯಲ್ಲ, ಈಗ ತಣ್ಣಗಾಯ್ತಾ?"

"ಇನ್ನೂ ಇಲ್ಲ."

"ನಿನಗೆ ಥ್ಯಾಂಕ್ಸ್ ಹೇಳ್ತೀನಿ ಅಂತ ಕನಸು ಕಾಣ್ಬೇಡ."

"ಹೇಳಿದ್ರೆ ಕೇಳೋರು ಯಾರು? ಹೋಗಾಚೆ."

ಅವಳು ಹೋಗಲಿಲ್ಲ. ಸಿಡುಕುತ್ತಲೇ ಲೋಟವನ್ನು ನನ್ನ ಮುಂದೆ ಹಿಡಿದಳು. "ಗೂಬೆ ಹಾಗೆ ಏನು ನೋಡ್ತೀಯ? ಮುಟ್ಟಿ ಹೇಳು, ಕುಡಿಯೋ ಹಾಗಿದೆಯಾ ಅಂತ. ನಿನ್ನೆ ನಾಲಿಗೆ ಸುಟ್ಕೊಂಡೆ."

ಲೋಟ ತೆಗೆದುಕೊಂಡೆ. ಕೊತಕೊತ ಕುದಿಯುವ ಟೀ. ಬೆರಳು ಚುರುಗುಟ್ಟಿತು.

"ಇನ್ನೂ ಆರಿಲ್ಲ, ಕೂತ್ಕೊ" ಎಂದೆ.

ಅವಳು ನನ್ನ ಕಡೆ ಬೆನ್ನು ಹಾಕಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಟೀ ಆರುವ ತನಕ ಲೋಟ ನನ್ನ ಕೈಯಲ್ಲೇ ಇತ್ತು.